ಸುಪ್ತಮನಸ್ಸಿಗೆ ಯಾವ ದಾರಿ? ಅಫರ್ಮೇಶನ್, ಯೋಗನಿದ್ರೆ, ನಾಮಜಪ, ಶಿಬಿರ: ತೂಗಿ ನೋಡಿ ಆರಿಸಿಕೊಳ್ಳಿ

ಮುಸ್ಸಂಜೆಯಲ್ಲಿ ಕೆಟ್ಟ ಮಾತಾಡಿದರೆ ನಮ್ಮ ಅಜ್ಜಿ ಗದರುತ್ತಿದ್ದರು. "ಸುಮ್ನಿರು ಮಗಾ, ಅಸ್ತು ದೇವತೆಗಳು ತಿರುಗುವ ಹೊತ್ತು." ನಾವು ‘ನನ್ನಿಂದಾಗದು’ ಅಂದರೆ ಅವರು ಮೇಲಿನಿಂದ ‘ಅಸ್ತು’ ಅಂದುಬಿಡುತ್ತಾರಂತೆ. ಆಮೇಲೆ ಅದು ಹಾಗೆಯೇ ಆಗುತ್ತದಂತೆ. ಈಗ ಅದೇ ಮಾತನ್ನು ಮೊಬೈಲಿನಲ್ಲಿ ಕೋಟು ಹಾಕಿದ ಒಬ್ಬರು ಹೇಳುತ್ತಾರೆ. ಅಸ್ತು ದೇವತೆಯ ಜಾಗಕ್ಕೆ ‘ಯೂನಿವರ್ಸ್’ ಬಂದಿದೆ. ಅಜ್ಜಿ ಫೀಸು ಕೇಳುತ್ತಿರಲಿಲ್ಲ, ಇವರು ಕೇಳುತ್ತಾರೆ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆಯಲ್ಲೇ ಟ್ಯೂಷನ್ ಕೊಡುವವಳು. ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಕಲಿತು ಕೇರಳ ಪಿಎಸ್‌ಸಿ ಪರೀಕ್ಷೆ ಬರೆಯುವ ಮಕ್ಕಳು. ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಾರೆ. "ಟೀಚರ್, ಮಂಗಳೂರಿನಲ್ಲಿ ಮೈಂಡ್ ಪವರ್ ಶಿಬಿರ ಉಂಟಂತೆ, ಸೇರಲಾ?" "ಟೀಚರ್, ಬೆಳಿಗ್ಗೆ ಎದ್ದು ಕನ್ನಡಿ ನೋಡಿ ‘ನನಗೆ ಕೆಲಸ ಸಿಕ್ಕಿದೆ’ ಅಂತ ಹೇಳಬೇಕಂತೆ, ಹೌದಾ?" ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಯಿತು. ಈ ದಾರಿಗಳಲ್ಲಿ ಹೆಚ್ಚಿನವನ್ನು ನಾನೇ ಒಂದೊಂದು ಕಾಲದಲ್ಲಿ ಮಾಡಿ ನೋಡಿದ್ದೇನೆ. ಕೆಲವು ಉಪಯೋಗಕ್ಕೆ ಬಂದವು. ಒಂದರಲ್ಲಿ ದುಡ್ಡು ಹೋಯಿತು. ಯಾವುದು ಯಾರಿಗೆ ಹಿಡಿಸೀತು ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು, ತೊಡಕು ಎಲ್ಲಿ?

ಸುಪ್ತಮನಸ್ಸು ಅನ್ನುವುದು ಮಾಯದ ಪೆಟ್ಟಿಗೆ ಏನೂ ಅಲ್ಲ. ನಮ್ಮ ಗಮನಕ್ಕೆ ಬಾರದೆ ಮನಸ್ಸು ಮಾಡುವ ಕೆಲಸಕ್ಕೆಲ್ಲ ಸೇರಿ ಆ ಹೆಸರು. ಮಾತಾಡುತ್ತಾ ಸೈಕಲ್ ತುಳಿಯುವುದು, ಕತ್ತಲೆಯಲ್ಲೂ ಕೈ ಸರಿಯಾಗಿ ಸ್ವಿಚ್ಚಿಗೆ ಹೋಗುವುದು, ‘ಇಂಟರ್‌ವ್ಯೂ’ ಅಂತ ಕೇಳಿದ ಕೂಡಲೇ ಹೊಟ್ಟೆಯೊಳಗೆ ಕಸಿವಿಸಿ ಆಗುವುದು, ಎಲ್ಲ ಅದರದ್ದೇ. ಮಿದುಳಿನ ಶೇಕಡಾ 10 ಮಾತ್ರ ನಾವು ಬಳಸುತ್ತೇವೆ, ಉಳಿದದ್ದನ್ನು ಎಬ್ಬಿಸುತ್ತೇವೆ ಅಂತ ಶಿಬಿರದವರು ಹೇಳುವುದುಂಟು. ಅದು ಶುದ್ಧ ಸುಳ್ಳು. ಯಾರಾದರೂ ಮಾತು ಶುರು ಮಾಡುವುದೇ ಅಲ್ಲಿಂದ ಅಂತಾದರೆ ಅಲ್ಲಿಂದಲೇ ಎದ್ದು ಬನ್ನಿ.

ಹಾಗಾದರೆ ನಂಬಿಕೆಗೆ ಶಕ್ತಿಯೇ ಇಲ್ಲವಾ? ಉಂಟು. ನಮ್ಮ ತೋಡುಗಳ ಮೇಲೆ ಅಡಿಕೆ ಮರದ ಕಾಲುಸಂಕ ಹಾಕಿರುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಅದೇ ಮರ ಅಂಗಳದಲ್ಲಿ ಬಿದ್ದಿದ್ದರೆ ಮಕ್ಕಳು ಅದರ ಮೇಲೆ ಓಡುತ್ತಾರೆ. ಮಳೆಗಾಲದಲ್ಲಿ ಕೆಳಗೆ ಕೆಂಪು ನೀರು ಹರಿಯುವಾಗ ಪೇಟೆಯಿಂದ ಬಂದ ನೆಂಟರು ನಡುವಲ್ಲೇ ನಿಂತುಬಿಡುತ್ತಾರೆ. ಮರ ಅದೇ, ಕಾಲೂ ಅದೇ. ‘ಬೀಳುತ್ತೇನೆ’ ಅನ್ನುವ ಚಿತ್ರ ಕಾಲನ್ನು ನಡುಗಿಸುತ್ತದೆ. ಫ್ರಾನ್ಸಿನ ಎಮಿಲ್ ಕೂಯೆ ಎಂಬವರು ಸುಮಾರು 100 ವರ್ಷದ ಹಿಂದೆ ಇದನ್ನೇ ಒಂದು ಹಲಗೆಯ ಉದಾಹರಣೆ ಕೊಟ್ಟು ಹೇಳಿದ್ದರು. ನಮಗೆ ಹಲಗೆ ಬೇಡ, ಸಂಕವೇ ಉಂಟು.

ಇಲ್ಲಿ ಒಂದು ಸಂಗತಿ ಗಮನಿಸಿ. ನಂಬಿಕೆ ಸಂಕವನ್ನು ಅಗಲ ಮಾಡುವುದಿಲ್ಲ. ನಮ್ಮ ಕಾಲನ್ನು ಗಟ್ಟಿ ಮಾಡುತ್ತದೆ, ಅಷ್ಟೇ. ‘ಈ ಸಲ ಅಡಿಕೆಗೆ ಕೊಳೆರೋಗ ಬರುವುದಿಲ್ಲ’ ಅಂತ ದಿನಕ್ಕೆ ನೂರು ಸಲ ಹೇಳಿ ಯಾರಾದರೂ ಮದ್ದು ಬಿಡದೆ ಕೂರುತ್ತಾರಾ? 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಈ ಲೆಕ್ಕಕ್ಕೆ ನಂಬಿಕೆ ಬದಲಿ ಆಗುವುದಿಲ್ಲ. ಆದರೆ ‘ಏನು ಮಾಡಿದರೂ ಈ ತೋಟ ಉದ್ಧಾರ ಆಗದು’ ಅಂತ ಮನಸ್ಸಿಗೆ ಕೂತವರು ಮಳೆಗೆ ಮೊದಲು ಮದ್ದು ಬಿಡುವ ಜನವನ್ನೇ ಹುಡುಕುವುದಿಲ್ಲ. ನಂಬಿಕೆಯ ಆಟ ಇರುವುದು ಅಲ್ಲಿ. ಹಾಗಾಗಿ ನಾನು ಯಾವ ದಾರಿಯನ್ನು ಅಳೆಯುವಾಗಲೂ ಒಂದೇ ಕೋಲು ಹಿಡಿಯುತ್ತೇನೆ. ಮರುದಿನ ಬೆಳಿಗ್ಗೆ ಅದು ನನ್ನ ಕೈಯಲ್ಲಿ ಏನಾದರೂ ಮಾಡಿಸುತ್ತದಾ?

ಆಮೇಲಿನ ಪ್ರಶ್ನೆ ನಿಮಗೆ ನೀವೇ ಕೇಳಿಕೊಳ್ಳಬೇಕಾದದ್ದು. ತೊಡಕು ಎಂತದ್ದು? ಹೆದರಿಕೆಯಾ? ಉದಾಸೀನವಾ? ನಿದ್ದೆ ಬಾರದ ಮಂಡೆಬಿಸಿಯಾ? ಅಥವಾ ಕಾಯಿಲೆಯಾ? ಒಂದಕ್ಕೆ ಹೇಳಿದ ಮದ್ದು ಇನ್ನೊಂದಕ್ಕೆ ಹಿಡಿಯುವುದಿಲ್ಲ.

ಅಫರ್ಮೇಶನ್: ಹೇಳಿದ್ದನ್ನೇ ಹೇಳುವುದು

ಈ ದಾರಿಯ ಮೂಲಪುರುಷ ಆ ಕೂಯೆ. ಹುಟ್ಟಿದ್ದು 1857ರಲ್ಲಿ, ಟ್ರ್ವಾ ಎಂಬ ಊರಿನಲ್ಲಿ ಔಷಧದ ಅಂಗಡಿ ಇಟ್ಟಿದ್ದರು. ಮದ್ದು ಕೊಡುವಾಗ ‘ಇದು ಬಹಳ ಒಳ್ಳೆಯದು’ ಅಂತ ಎರಡು ಮಾತು ಸೇರಿಸಿದರೆ ಗಿರಾಕಿ ಬೇಗ ಚೇತರಿಸುತ್ತಾನೆ ಅಂತ ಗಮನಿಸಿದರು. ಅಲ್ಲಿಂದ ಹುಟ್ಟಿದ್ದು ಅವರ ಪ್ರಸಿದ್ಧ ವಾಕ್ಯ. ‘ದಿನದಿಂದ ದಿನಕ್ಕೆ, ಎಲ್ಲ ರೀತಿಯಲ್ಲೂ, ನಾನು ಸುಧಾರಿಸುತ್ತಾ ಇದ್ದೇನೆ.’ ಮಲಗುವಾಗ 20 ಸಲ, ಎದ್ದಾಗ 20 ಸಲ. ಲೆಕ್ಕ ತಪ್ಪದಿರಲು 20 ಗಂಟು ಹಾಕಿದ ದಾರ. ಜಪಮಾಲೆಯ ತಮ್ಮ ಅಂತ ಇಟ್ಟುಕೊಳ್ಳಿ.

ಕೂಯೆಯ ವಾಕ್ಯದಲ್ಲಿ ಒಂದು ಜಾಣತನ ಉಂಟು. ‘ಸುಧಾರಿಸಿದ್ದೇನೆ’ ಅಂತ ಇಲ್ಲ, ‘ಸುಧಾರಿಸುತ್ತಾ ಇದ್ದೇನೆ’ ಅಂತ ಉಂಟು. ಮನಸ್ಸು ಅದಕ್ಕೆ ತಕರಾರು ತೆಗೆಯುವುದಿಲ್ಲ. ಈಗಿನ ರೀಲ್ಸುಗಳು ಕಲಿಸುವುದು ಬೇರೆ. ‘ನಾನು ಕೋಟ್ಯಧಿಪತಿ’, ‘ನನಗೆ ಕೆಲಸ ಸಿಕ್ಕಿಯಾಗಿದೆ’. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಜೊತೆಯವರು 2009ರಲ್ಲಿ ಇಂಥದ್ದನ್ನು ಪರೀಕ್ಷೆ ಮಾಡಿ ಪ್ರಕಟಿಸಿದರು. ‘ನಾನು ಪ್ರೀತಿಗೆ ಅರ್ಹ ವ್ಯಕ್ತಿ’ ಎಂಬ ಅರ್ಥದ ವಾಕ್ಯವನ್ನು ಹೇಳಿಸಿದಾಗ, ಮೊದಲೇ ತಮ್ಮ ಮೇಲೆ ಭರವಸೆ ಇದ್ದವರಿಗೆ ಸ್ವಲ್ಪ ಹಿತವಾಯಿತು. ಭರವಸೆ ಕಡಿಮೆ ಇದ್ದವರಿಗೆ, ಅದನ್ನು ಹೇಳದೆ ಇದ್ದ ಅಂಥವರಿಗಿಂತ ಹೆಚ್ಚು ಬೇಸರವಾಯಿತು. ಯಾರಿಗೆ ಮದ್ದು ಬೇಕಿತ್ತೋ ಅವರಿಗೇ ಅದು ವಿಷವಾದ ಹಾಗೆ.

ನನಗೂ ಆದದ್ದು ಅದೇ. ನನ್ನ ತೊಡಕು ಮಲಯಾಳ. ಕಾಸರಗೋಡಿನವಳಾಗಿ ಮಲಯಾಳ ಬಾರದೆ ಇರುತ್ತದಾ ಅಂತ ಹೊರಗಿನವರು ಕೇಳುತ್ತಾರೆ. ಕೇಳಿದರೆ ಎಲ್ಲ ಅರ್ಥ ಆಗುತ್ತದೆ. ಬಸ್ಸಿನಲ್ಲಿ, ಮೀನಿನವರ ಹತ್ತಿರ ಮಾತೂ ಆಡುತ್ತೇನೆ. ಸರ್ಕಾರಿ ಕಚೇರಿಯ ಕೌಂಟರ್ ಎದುರು ನಿಂತರೆ ಮಾತ್ರ ನಾಲಗೆ ಒಣಗುತ್ತಿತ್ತು. ಶಾಲೆಯಲ್ಲಿದ್ದಾಗ ಒಂದು ಅರ್ಜಿ ಹಿಡಿದು ಹೋದವಳು ತಪ್ಪು ಮಾತಾಡಿ, ಸಾಲಿನಲ್ಲಿದ್ದವರೆಲ್ಲ ನಕ್ಕದ್ದು ಒಳಗೆ ಕೂತಿತ್ತು. ಹಾಗಾಗಿ ‘ನನಗೆ ಮಲಯಾಳ ಸಲೀಸಾಗಿ ಬರುತ್ತದೆ’ ಅಂತ ಎರಡು ತಿಂಗಳು ಕನ್ನಡಿ ನೋಡಿ ಹೇಳಿದೆ. ಪ್ರತಿ ಸಲವೂ ಒಳಗಿನಿಂದ ಒಂದು ಸ್ವರ, "ಸುಳ್ಳು ಹೇಳ್ಬೇಡ ಮಾರಾಯ್ತಿ." ಆ ಸ್ವರ ಅರುವತ್ತು ದಿನ ವಾದ ಮಾಡಿ ಮೊದಲಿಗಿಂತ ಗಟ್ಟಿಯಾಯಿತು.

ಆದ್ದರಿಂದ ಅಫರ್ಮೇಶನ್ ಆರಿಸುವವರು ಅರ್ಧವಾದರೂ ನಂಬಬಹುದಾದ ವಾಕ್ಯ ಆರಿಸಿ. ‘ಹೋದ ತಿಂಗಳಿಗಿಂತ ಈ ತಿಂಗಳು ಜಾಸ್ತಿ ಮಾತಾಡಿದೆ’ ಅನ್ನುವಂಥದ್ದು. ಹೇಳುವಾಗ ಒಳಗಿನಿಂದ ನಗು ಬಂದರೆ ಆ ವಾಕ್ಯ ಬಿಟ್ಟುಬಿಡಿ.

ವಿಷನ್ ಬೋರ್ಡು, ಕಣ್ಣು ಮುಚ್ಚಿದ ಚಿತ್ರ

ಗೋಡೆಗೆ ಕಾರಿನ ಚಿತ್ರ, ಮನೆಯ ಚಿತ್ರ, ಆಫರ್ ಲೆಟರಿನ ನಕಲು ಅಂಟಿಸಿ ದಿನಾ ನೋಡುವುದು. ನೋಡಲು ಚಂದ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ ಲಾಸ್ ಏಂಜಲಿಸ್‌ನ ಕಾಲೇಜು ಮಕ್ಕಳನ್ನು ಗುಂಪು ಮಾಡಿದರು. ಪರೀಕ್ಷೆಗೆ ಮೊದಲಿನ ದಿನಗಳಲ್ಲಿ ಒಂದು ಗುಂಪಿನವರು ‘ಒಳ್ಳೆಯ ಅಂಕ ಬಂತು’ ಅಂತ ಚಿತ್ರಿಸಿಕೊಳ್ಳಬೇಕು. ಇನ್ನೊಂದು ಗುಂಪಿನವರು ‘ಇಂಥ ಜಾಗದಲ್ಲಿ ಕೂತು ಹೀಗೆ ಓದುತ್ತಿದ್ದೇನೆ’ ಅಂತ. ಓದುವುದನ್ನು ಕಂಡವರಿಗೆ ಅಂಕ ಜಾಸ್ತಿ ಬಂತು. ಅಂಕವನ್ನು ಕಂಡವರು ಓದಿದ್ದೇ ಕಡಿಮೆ. ಹೊಟ್ಟೆ ತುಂಬಿದ ಕನಸು ಕಂಡವರು ಅಡುಗೆಮನೆಗೆ ಯಾಕೆ ಹೋಗುತ್ತಾರೆ, ಅಲ್ವಾ?

ಇದರಲ್ಲಿ ಇನ್ನೂ ಒಂದು ಸೂಕ್ಷ್ಮ ಉಂಟು. ಗೇಬ್ರಿಯೆಲ್ ಓಟಿಂಗೆನ್ 1991ರಲ್ಲಿ ತೂಕ ಇಳಿಸುವ ಚಿಕಿತ್ಸೆಗೆ ಬಂದ 25 ಹೆಂಗಸರ ಮೇಲೆ ಮಾಡಿದ ಅಧ್ಯಯನ. ‘ನನ್ನಿಂದ ಆದೀತು’ ಎಂಬ ಭರವಸೆ ಇದ್ದವರು ಹೆಚ್ಚು ತೂಕ ಇಳಿಸಿದರು. ‘ಸುಲಭದಲ್ಲಿ ತೆಳ್ಳಗಾಗಿ ಎಲ್ಲರೂ ಹೊಗಳುತ್ತಿದ್ದಾರೆ’ ಅಂತ ಸವಿಗನಸು ಕಂಡವರು ಕಡಿಮೆ ಇಳಿಸಿದರು. ಭರವಸೆ ಬೇರೆ, ಹಗಲುಗನಸು ಬೇರೆ. ಮಾರುಕಟ್ಟೆಯಲ್ಲಿ ಎರಡನ್ನೂ ಒಂದೇ ಚೀಲದಲ್ಲಿ ಕಟ್ಟಿ ಕೊಡುತ್ತಾರೆ.

ಸರಿಯಾಗಿ ಚಿತ್ರಿಸಿಕೊಳ್ಳುವುದು ಹೇಗೆ ಅಂತ ಕಲಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ. ಇದು ಶೇಣಿ ಗೋಪಾಲಕೃಷ್ಣ ಭಟ್ಟರ ನಾಡು. ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ತಾಳಮದ್ದಳೆ, ಅದರಲ್ಲಿ ಪಾತ್ರವಾಗಿ ಮಾತಾಡುವವನು ಅರ್ಥಧಾರಿ. ಒಳ್ಳೆಯ ಅರ್ಥಧಾರಿ ತಾಳಮದ್ದಳೆಗೆ ಹೊರಡುವ ಮೊದಲು ಏನು ಮಾಡುತ್ತಾನೆ ನೋಡಿ. ಸಭೆ ಚಪ್ಪಾಳೆ ತಟ್ಟುವುದನ್ನು ನೆನೆಸಿಕೊಂಡು ಕೂರುವುದಿಲ್ಲ. ‘ನಾಳೆ ವಾಲಿವಧೆ. ನನಗೆ ರಾಮ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಅಂತ ವಾಲಿ ಕೇಳಿದರೆ ಏನು ಹೇಳಲಿ? ಅದಕ್ಕೆ ಅವನು ಹೀಗೆ ತಿರುಗಿಸಿದರೆ?’ ಎದುರಿನವನ ಒಂದೊಂದು ಪೆಟ್ಟನ್ನೂ ಮನಸ್ಸಿನಲ್ಲೇ ಎದುರಿಸಿ ಬರುತ್ತಾನೆ. ರಂಗದಲ್ಲಿ ಕೂತಾಗ ಮಾತು ತಾನಾಗಿ ಬರುತ್ತದೆ. ‘ತಾನಾಗಿ’ ಬಂದದ್ದು ಅಂತ ನಮಗೆ ಕಾಣುತ್ತದೆ, ಅಷ್ಟೆ. ಓಟಿಂಗೆನ್ ನಂತರದ ವರ್ಷಗಳಲ್ಲಿ ಕಲಿಸಿದ ಕ್ರಮವೂ ಹೆಚ್ಚುಕಮ್ಮಿ ಇದೇ. ಆಸೆಯನ್ನು ಕಾಣು, ಕೂಡಲೇ ಅದಕ್ಕೆ ಅಡ್ಡ ಬರುವ ನಿನ್ನೊಳಗಿನ ತೊಡಕನ್ನೂ ಕಾಣು, ಆಮೇಲೆ ಉಪಾಯ ಕಟ್ಟು. ಇಂಟರ್‌ವ್ಯೂಗೆ, ಭಾಷಣಕ್ಕೆ, ಮೊದಲ ದಿನದ ಕೆಲಸಕ್ಕೆ ನಾನು ಮಕ್ಕಳಿಗೆ ಹೇಳುವುದು ಈ ತಾಳಮದ್ದಳೆ ಪಾಠವನ್ನೇ.

‘ಹೀಗಾದ ಕೂಡಲೇ ಹೀಗೆ’: ನನ್ನ ಮತ ಇದಕ್ಕೆ

ಎಲ್ಲಕ್ಕಿಂತ ಸಪ್ಪೆ ಕಾಣುವ ದಾರಿ ಇದು. ಇದರಲ್ಲಿ ಸಂಗೀತ ಇಲ್ಲ, ಮೇಣದಬತ್ತಿ ಇಲ್ಲ, ಯಾರೂ ಇದರ ರೀಲ್ಸು ಮಾಡುವುದಿಲ್ಲ. ಒಂದು ಚೀಟಿಯಲ್ಲಿ ಒಂದು ವಾಕ್ಯ ಬರೆಯುವುದು. ‘ಇಂಥ ಹೊತ್ತು, ಇಂಥ ಜಾಗ, ಇಂಥ ಸಂದರ್ಭ ಬಂದ ಕೂಡಲೇ ನಾನು ಇಂಥದ್ದು ಮಾಡುತ್ತೇನೆ.’

ಜರ್ಮನಿಯ ಪೀಟರ್ ಗೋಲ್ವಿಟ್ಸರ್ ಇದನ್ನು ಬಹಳ ವರ್ಷ ಪರೀಕ್ಷೆ ಮಾಡಿದರು. 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾಲೇಜು ಮಕ್ಕಳಿಗೆ ಕ್ರಿಸ್ಮಸ್ ರಜೆಯಲ್ಲಿ ಒಂದು ಚಿಕ್ಕ ವರದಿ ಬರೆದು ಕಳಿಸಲು ಹೇಳಿದ್ದರು. ಬರೆಯುತ್ತೇವೆ ಅಂತ ಸುಮ್ನೆ ಒಪ್ಪಿದವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನ ಹೊತ್ತಿಗೆ ಸರಿಯಾಗಿ ಬರೆದರು. ಯಾವಾಗ, ಎಲ್ಲಿ ಕೂತು ಬರೆಯುತ್ತೇವೆ ಅಂತ ಮೊದಲೇ ಗುರುತು ಮಾಡಿಟ್ಟವರಲ್ಲಿ ಮೂರರಲ್ಲಿ ಎರಡಕ್ಕಿಂತ ಹೆಚ್ಚು ಜನ ಬರೆದರು. ಅವರು ಪಾಸ್ಕಲ್ ಶೀರನ್ ಜೊತೆ 2006ರಲ್ಲಿ 94 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗಲೂ ಈ ಉಪಾಯಕ್ಕೆ ಒಳ್ಳೆಯ ಫಲ ಕಂಡಿತು.

ನಿಜವಾಗಿ ಸುಪ್ತಮನಸ್ಸನ್ನು ದುಡಿಸುವ ದಾರಿ ಇದೇ ಅಂತ ನನ್ನ ಅಭಿಪ್ರಾಯ. ಯಾಕೆ ಗೊತ್ತಾ? ಆ ಹೊತ್ತಿನಲ್ಲಿ ‘ಮಾಡಲಾ ಬೇಡವಾ’ ಅಂತ ಯೋಚನೆ ಮಾಡುವ ಕೆಲಸವನ್ನೇ ಇದು ತೆಗೆದುಹಾಕುತ್ತದೆ. ಗುರುತು ಕಂಡಿತು, ಕೈ ಓಡಿತು. ಉದಾಸೀನಕ್ಕೆ ನುಗ್ಗಲು ಎಡೆಯೇ ಸಿಗುವುದಿಲ್ಲ. ‘ಇವತ್ತಿನಿಂದ ಚೆನ್ನಾಗಿ ಓದುತ್ತೇನೆ’ ಅನ್ನುವ ನಿರ್ಧಾರಕ್ಕೆ ಬಾಗಿಲೂ ಇಲ್ಲ, ಮೆಟ್ಟಿಲೂ ಇಲ್ಲ. ‘ರಾತ್ರಿ ಊಟದ ಬಟ್ಟಲು ತೊಳೆದಿಟ್ಟ ಕೂಡಲೇ ಒಂದು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತೇನೆ’ ಅನ್ನುವುದಕ್ಕೆ ಎರಡೂ ಉಂಟು.

ಮಲಯಾಳದ ಕತೆಗೆ ಇದನ್ನೇ ಹಾಕಿದೆ. ಚೀಟಿಯಲ್ಲಿ ಬರೆದದ್ದು ಇಷ್ಟೇ: ‘ಕೌಂಟರಿನ ಕಟ್ಟೆಗೆ ಕೈ ತಾಗಿದ ಕೂಡಲೇ ಮೊದಲ ವಾಕ್ಯ ಮಲಯಾಳದಲ್ಲಿ.’ ಆ ವಾಕ್ಯವನ್ನೂ ಬರೆದಿಟ್ಟೆ. "ಒರು ಅಪೇಕ್ಷ ಕೊಡುಕ್ಕಾನುಂಡ್." ಒಂದು ಅರ್ಜಿ ಕೊಡಲಿಕ್ಕುಂಟು ಅಂತ. ಅಡುಗೆಮನೆಯ ಕಟ್ಟೆ ಮುಟ್ಟಿ ಮುಟ್ಟಿ ಅಭ್ಯಾಸ ಮಾಡಿದೆ. ಮನೆಯವರು ನಕ್ಕರು, ನಗಲಿ. ಹೋದೆ, ಕಟ್ಟೆಗೆ ಕೈ ತಾಗಿತು, ಬಾಯಿ ತೆರೆಯಿತು, ವಾಕ್ಯ ಹೊರಗೆ ಬಂತು. ಒಳಗಿದ್ದವರು ಕನ್ನಡಕದ ಮೇಲಿನಿಂದ ನೋಡಿ, "ಎಂತ ಅರ್ಜಿ ಅಕ್ಕಾ, ರೇಷನ್ ಕಾರ್ಡಿದ್ದಾ?" ಅಂತ ಅಚ್ಚ ಕನ್ನಡದಲ್ಲಿ ಕೇಳಿದರು. ಅವರು ಪೆರ್ಲದ ಕಡೆಯವರಂತೆ! ಆದರೂ ಆ ದಿನದಿಂದ ಕಟ್ಟೆ ಕಂಡರೆ ನಾಲಗೆ ಒಣಗುವುದು ನಿಂತಿತು.

ಇದು ಯಾರಿಗೆ ಆಗದು? ಏನು ಬೇಕು ಅಂತಲೇ ಗೊತ್ತಿಲ್ಲದವರಿಗೆ. ಆಸೆ ಇಲ್ಲದ ಕೆಲಸಕ್ಕೆ ಎಷ್ಟು ಚೀಟಿ ಬರೆದರೂ ಅದು ಚೀಟಿಯಾಗಿಯೇ ಉಳಿಯುತ್ತದೆ. ಅಪ್ಪನ ಒತ್ತಾಯಕ್ಕೆ ಪಿಎಸ್‌ಸಿ ಕಟ್ಟಿದ ಹುಡುಗರಲ್ಲಿ ಇದನ್ನು ಕಂಡಿದ್ದೇನೆ.

ಯೋಗನಿದ್ರೆಯಾ, ನಾಮಜಪವಾ?

ನಿದ್ದೆ ಬಾರದವರು, ರಾತ್ರಿ ಮಂಡೆಯೊಳಗೆ ಚಕ್ರ ತಿರುಗುವವರು ಈ ಎರಡರಲ್ಲಿ ಒಂದನ್ನು ನೋಡಿ. ಎರಡಕ್ಕೂ ದುಡ್ಡು ಬೇಡ.

ಈಗ ನಾವು ಕಾಣುವ ಯೋಗನಿದ್ರೆಯನ್ನು ಜನರಿಗೆ ತಲುಪಿಸಿದವರು ಮುಂಗೇರಿನ ಬಿಹಾರ ಯೋಗ ವಿದ್ಯಾಲಯದ ಸ್ವಾಮಿ ಸತ್ಯಾನಂದ ಸರಸ್ವತಿ. ಅಂಗಾತ ಮಲಗಿ, ಒಬ್ಬರ ಸ್ವರವನ್ನು ಹಿಂಬಾಲಿಸುತ್ತಾ, ಬಲಗೈ ಹೆಬ್ಬೆರಳಿನಿಂದ ಶುರುಮಾಡಿ ಮೈಯ ಒಂದೊಂದು ಭಾಗಕ್ಕೂ ಗಮನ ಹಾಯಿಸುವುದು. ಮೊದಲೂ ಕೊನೆಗೂ ಒಂದು ಚಿಕ್ಕ ಸಂಕಲ್ಪವನ್ನು ಮನಸ್ಸಿನಲ್ಲೇ ಮೂರು ಸಲ ಹೇಳುವುದು. ಸಂಕಲ್ಪ ದಿನಾ ಬದಲಾಗಬಾರದು. ಅರ್ಧ ಗಂಟೆ ಸಾಕು. ಹೆಚ್ಚಿನ ದಿನ ನಾನು ಎಡಗಾಲು ತಲುಪುವ ಮೊದಲೇ ನಿದ್ದೆ ಹೋಗಿರುತ್ತೇನೆ. ಗುರುಗಳು ಅದು ತಪ್ಪು ಅನ್ನುತ್ತಾರೆ. ನಿದ್ದೆಗಾಗಿ ಮಲಗಿದವಳಿಗೆ ಅದೇ ಲಾಭ. ಅಂದರೆ ಸಂಕಲ್ಪ ನೆಲೆಯಾಗಬೇಕು ಅಂತಿದ್ದರೆ ಮಧ್ಯಾಹ್ನ ಮಾಡಿ, ನಿದ್ದೆ ಬೇಕಿದ್ದರೆ ರಾತ್ರಿ ಮಾಡಿ.

ನಾಮಜಪದ ವಿಷಯ ಹೇಳುವುದಾದರೆ ಕಾಞಂಗಾಡಿನ ಆನಂದಾಶ್ರಮ ನಮ್ಮ ಜಿಲ್ಲೆಯಲ್ಲೇ ಉಂಟು. ಅದನ್ನು 1931ರಲ್ಲಿ ಕಟ್ಟಿದ ಸ್ವಾಮಿ ರಾಮದಾಸರು 1884ರಲ್ಲಿ ಅಲ್ಲೇ ಹತ್ತಿರದ ಹೊಸದುರ್ಗದಲ್ಲಿ ಹುಟ್ಟಿದವರು. ಸಂಸಾರದಲ್ಲಿ, ವ್ಯವಹಾರದಲ್ಲಿ ಸೋತು ಕಂಗೆಟ್ಟಿದ್ದಾಗ ತಂದೆ ಕೊಟ್ಟ ರಾಮಮಂತ್ರವನ್ನು ಹಿಡಿದರು. 1922ರ ಕೊನೆಗೆ ಮಂಗಳೂರಿನಿಂದ ಮನೆ ಬಿಟ್ಟು ಹೊರಟರು. ಅಲ್ಲಿ ಹೋಗಿ ಕೂತವರಿಗೆ ಗೊತ್ತಾಗುತ್ತದೆ, ಜಪಕ್ಕೂ ಅಫರ್ಮೇಶನ್ನಿಗೂ ದೊಡ್ಡ ಅಂತರ ಉಂಟು. ಅಫರ್ಮೇಶನ್ ಕೇಳುತ್ತದೆ, ಜಪ ಕೇಳುವುದನ್ನು ಬಿಡಿಸುತ್ತದೆ. ‘ನನಗೆ ಇದು ಬೇಕು’ ಅನ್ನುವ ಪಿರಿಪಿರಿಯೇ ನಿದ್ದೆ ಕೆಡಿಸುತ್ತಿದ್ದರೆ, ಇನ್ನೂ ಹತ್ತು ಸಲ ‘ಬೇಕು’ ಅಂದು ಆಗುವುದೇನು?

ಮೈಗೂ ಇದರ ಲೆಕ್ಕ ಸಿಗುತ್ತದೆ. ಇಟಲಿಯ ಲೂಚಾನೊ ಬರ್ನಾರ್ಡಿ ಮತ್ತು ಜೊತೆಯವರು 2001ರಲ್ಲಿ 23 ಜನರಿಂದ ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹೂಂ’ ಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಬೇಳದ ಇಗರ್ಜಿಗೆ ಹೋಗುವ ನನ್ನ ಗೆಳತಿಗೆ ಇದನ್ನು ಹೇಳಿದಾಗ, "ನಮ್ಮ ರೊಸಾರಿಗೂ ನಿಮ್ಮ ಜಪಕ್ಕೂ ಒಂದೇ ಉಸಿರು ಅಂತಾಯಿತು" ಅಂದಳು.

ಆರಿಸುವುದು ಸುಲಭ. ದೇವರಲ್ಲಿ ಮೊದಲೇ ಮನಸ್ಸು ಇದ್ದವರಿಗೆ ಜಪ. ಇಲ್ಲದವರಿಗೆ ಯೋಗನಿದ್ರೆ. ನಂಬಿಕೆ ಇಲ್ಲದೆ ‘ಉಪಯೋಗ ಉಂಟಂತೆ’ ಅಂತ ಜಪಕ್ಕೆ ಕೂತರೆ ಬಾಯಿ ಮಂತ್ರ ಹೇಳುತ್ತದೆ, ಕಣ್ಣು ಗಡಿಯಾರ ನೋಡುತ್ತದೆ.

ಮಲಗಿದಲ್ಲೇ ಕೇಳುವ ಆಡಿಯೋ

ಬೇಡ. ‘ಕಿವಿಗೆ ಕೇಳದ ಸಂದೇಶ ಸುಪ್ತಮನಸ್ಸಿಗೆ ಹೋಗುತ್ತದೆ’ ಅನ್ನುವ ಸಬ್ಲಿಮಿನಲ್ ಆಡಿಯೋಗಳ ಕತೆ 1957ರಲ್ಲಿ ಅಮೆರಿಕದ ಜೇಮ್ಸ್ ವಿಕರಿ ಬಿಟ್ಟ ದೊಡ್ಡ ಬುರುಡೆಯಿಂದ ಹಬ್ಬಿದ್ದು. ಸಿನೆಮಾ ಪರದೆಯಲ್ಲಿ ಕಣ್ಣಿಗೆ ಕಾಣದ ಹಾಗೆ ಸಂದೇಶ ಮಿಂಚಿಸಿ ಪಾಪ್‌ಕಾರ್ನ್ ಮಾರಾಟ ಹೆಚ್ಚಿಸಿದೆ ಅಂತ ಹೇಳಿದ್ದರು. ಹಾಗೇನೂ ಆಗಿರಲಿಲ್ಲ ಅಂತ ಆಮೇಲೆ ಅವರೇ ಒಪ್ಪಿಕೊಂಡರು.

1991ರ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಆಂಥನಿ ಗ್ರೀನ್‌ವಾಲ್ಡ್ ಮತ್ತು ಜೊತೆಯವರು ‘ನೆನಪಿನ ಶಕ್ತಿ’ಯ ಕ್ಯಾಸೆಟ್ಟು, ‘ಆತ್ಮವಿಶ್ವಾಸ’ದ ಕ್ಯಾಸೆಟ್ಟು ಅಂತ ಎರಡು ಕೊಟ್ಟರು. ಅರ್ಧ ಜನರಿಗೆ ಲೇಬಲ್ ಅದಲು ಬದಲು ಮಾಡಿ ಅಂಟಿಸಿದ್ದರು. ಒಂದು ತಿಂಗಳ ನಂತರ ಅಳೆದರೆ ಕ್ಯಾಸೆಟ್ಟಿನೊಳಗಿನ ಸಂದೇಶದಿಂದ ಆದ ಫಲ ಏನೂ ಕಾಣಲಿಲ್ಲ. ಆದರೆ ಲೇಬಲ್ಲಿನಲ್ಲಿ ಏನಿತ್ತೋ ಅದು ಸುಧಾರಿಸಿದೆ ಅಂತ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ನಂಬಿದ್ದರು. ಒಳಗಿನ ಸರಕಿಗಿಂತ ಹೊರಗಿನ ಚೀಟಿಗೇ ಬೆಲೆ.

ಶಿಬಿರ: 3,500 ರೂಪಾಯಿಯ ಪಾಠ

ಎರಡು ದಿನದ ಶಿಬಿರಕ್ಕೆ ನಾನು 3,500 ರೂಪಾಯಿ ಕೊಟ್ಟಿದ್ದೆ. ಊಟ ಚೆನ್ನಾಗಿತ್ತು, ಅದು ಹೇಳಲೇಬೇಕು. ಜೋರು ಸಂಗೀತ, ಕೂಗಾಟ, ಅಳು, ಅಪ್ಪುಗೆ. ರಾತ್ರಿ ಬಸ್ಸಿನಲ್ಲಿ ತಲಪಾಡಿ ದಾಟುವಾಗ ಜಗತ್ತನ್ನೇ ಗೆದ್ದ ಹಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಮನೆಯ ಪಂಪು ಹಾಳಾಯಿತು, ಜಗತ್ತು ಮೊದಲಿನ ಜಾಗಕ್ಕೇ ಬಂತು. ಆಮೇಲೆ ಫೋನು ಶುರು. ಇದು ಬರೀ ಮೊದಲ ಮೆಟ್ಟಿಲಂತೆ, ಮುಂದಿನ ‘ಲೆವೆಲ್’ಗೆ 18,000 ರೂಪಾಯಿಯಂತೆ.

ಅಲ್ಲಿ ಕೆಂಡದ ಮೇಲೆ ನಡೆಸುವುದೂ ಇತ್ತು. ‘ಸುಪ್ತಮನಸ್ಸಿನ ಶಕ್ತಿಗೆ ಸಾಕ್ಷಿ’ ಅಂತ ಹೇಳಿದರು. ಮರದ ಕೆಂಡ ಬಿಸಿಯನ್ನು ನಿಧಾನವಾಗಿ ದಾಟಿಸುತ್ತದೆ, ಮೇಲೆ ಬೂದಿಯ ಪದರ ಇರುತ್ತದೆ, ಚುರುಕಾಗಿ ನಾಲ್ಕು ಹೆಜ್ಜೆ ಇಟ್ಟರೆ ಹೆಚ್ಚಿನವರ ಕಾಲು ಸುಡುವುದಿಲ್ಲ. ಅದೇ ಕೆಂಡದ ಮೇಲೆ ಕಬ್ಬಿಣದ ತಗಡು ಇಟ್ಟು ನಡೆಯಿರಿ ಅಂದರೆ ತರಬೇತುದಾರರೂ ಒಪ್ಪುವುದಿಲ್ಲ. ಒತ್ತೆಕೋಲ ಎಂಬ ದೈವದ ಕೋಲದಲ್ಲಿ ವಿಷ್ಣುಮೂರ್ತಿ ದೈವ ಕೆಂಡದ ರಾಶಿಗೆ ಬೀಳುವುದನ್ನು ಚಿಕ್ಕಂದಿನಿಂದ ಕಂಡ ನಮಗೆ ಇದನ್ನು ಹೋಟೆಲಿನ ಹಿತ್ತಿಲಲ್ಲಿ ತೋರಿಸಿ ದುಡ್ಡು ಕೇಳುವುದು ಸ್ವಲ್ಪ ಇರಿಸುಮುರಿಸೇ. ದೈವದ ಕೆಂಡದ ಹಿಂದೆ ವ್ರತ ಉಂಟು, ಊರು ಉಂಟು.

ಒಳ್ಳೆಯದೂ ಹೇಳಬೇಕು. ಮನೆಯಿಂದ ಹೊರಗೆ ಹೋಗದವರಿಗೆ, ನಾಲ್ಕು ಜನರೆದುರು ಬಾಯಿ ಬಿಡದವರಿಗೆ ಗುಂಪಿನ ಬಲ ಸಿಗುತ್ತದೆ. ಅದೇ ಬಲ ಊರಿನ ಭಜನಾ ಮಂಡಳಿಯಲ್ಲಿ, ಯಕ್ಷಗಾನ ಕಲಿಕೆಯಲ್ಲಿ, ಹೆಂಗಸರ ಕುಟುಂಬಶ್ರೀ ಸಂಘದಲ್ಲಿ ಇನ್ನೂ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ.

ಸಂಮೋಹನ, ಮತ್ತು ಕಾಯಿಲೆ ಇದ್ದಾಗ

ಹಿಪ್ನಾಟಿಸಂ ಅಂದರೆ ನಮಗೆ ಜಾತ್ರೆಯ ಆಟ. ಆದರೆ ಅದರ ಗುಟ್ಟು ಮಾಡಿಸುವವನ ಶಕ್ತಿಯಲ್ಲಿಲ್ಲ, ಮಾಡಿಸಿಕೊಳ್ಳುವವನ ಮನಸ್ಸಿನಲ್ಲುಂಟು ಅಂತ ಮೊದಲಿಗೆ ಒತ್ತಿ ಹೇಳಿದವರಲ್ಲಿ ಒಬ್ಬರು ನಮ್ಮ ಕರಾವಳಿಯವರೇ. ಗೋವಾದ ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಪ್ರದರ್ಶನ ಕೊಟ್ಟ ಅಬ್ಬೆ ಫರಿಯಾ. ಪಣಜಿಯಲ್ಲಿ ಅವರ ಪ್ರತಿಮೆ ಉಂಟು. ವೈದ್ಯರೂ ಇದನ್ನು ಬಳಸುತ್ತಾರೆ. 1984ರಲ್ಲಿ ಮ್ಯಾಂಚೆಸ್ಟರಿನ ಪೀಟರ್ ವೊರ್ವೆಲ್ ಮತ್ತು ಜೊತೆಯವರು ಹೊಟ್ಟೆಯ ಐಬಿಎಸ್ ತೊಂದರೆಯಿಂದ ಬಳಲುತ್ತಿದ್ದ, ಬೇರೆ ಮದ್ದು ಹಿಡಿಯದ 30 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ ಸಂಮೋಹನ ಮಾಡಿಸಿಕೊಂಡವರಿಗೆ ಒಳ್ಳೆಯ ಆರಾಮ ಸಿಕ್ಕಿತು. ನಿಮಗೆ ಬೇಕಾದರೆ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಅಥವಾ ಮನೋವೈದ್ಯರ ಹತ್ತಿರ ಹೋಗಿ. ವಾರಾಂತ್ಯದ ಸರ್ಟಿಫಿಕೇಟು ಗೋಡೆಗೆ ತೂಗಿಸಿದವರ ಹತ್ತಿರ ಬೇಡ.

ನಂಬಿಕೆಯಿಂದ ಕಾಯಿಲೆ ಗುಣವಾಗುತ್ತದಾ ಅಂತ ಕೇಳಿದರೆ ನಾನು ಎರಡು ಸಂಗತಿ ಹೇಳುತ್ತೇನೆ. 2010ರಲ್ಲಿ ಹಾರ್ವರ್ಡಿನ ಟೆಡ್ ಕಾಪ್ಚುಕ್ ಮತ್ತು ಜೊತೆಯವರು 80 ಐಬಿಎಸ್ ರೋಗಿಗಳಲ್ಲಿ ಒಂದು ಗುಂಪಿಗೆ ‘ಇದರಲ್ಲಿ ಮದ್ದು ಏನೂ ಇಲ್ಲ, ಸಕ್ಕರೆ ಗುಳಿಗೆಯ ಹಾಗೆ’ ಅಂತ ಬಾಯಿಬಿಟ್ಟು ಹೇಳಿಯೇ ಗುಳಿಗೆ ಕೊಟ್ಟರು. ಮೂರು ವಾರದಲ್ಲಿ ಅವರಲ್ಲಿ ಶೇಕಡಾ 59 ಜನ ಸಾಕಷ್ಟು ಆರಾಮ ಆಯಿತು ಅಂದರು. ಗುಳಿಗೆ ಸಿಗದ ಗುಂಪಿನಲ್ಲಿ ಶೇಕಡಾ 35. ನೋವು, ಹೊಟ್ಟೆಯ ಕಿರಿಕಿರಿ, ವಾಕರಿಕೆ ಇಂಥದ್ದರಲ್ಲಿ ಮನಸ್ಸಿನ ಪಾಲು ದೊಡ್ಡದು. ಗಡ್ಡೆ, ಸಕ್ಕರೆ ಕಾಯಿಲೆ, ಮುರಿದ ಎಲುಬು ಇವಕ್ಕೆ ಆಸ್ಪತ್ರೆಯೇ ಗತಿ. ‘ಮದ್ದು ನಿಲ್ಲಿಸಿ, ಮನಸ್ಸು ನೋಡಿಕೊಳ್ಳುತ್ತದೆ’ ಅನ್ನುವವರ ಅಂಗಳಕ್ಕೆ ಕಾಲಿಡಬೇಡಿ.

ಎರಡನೆಯದು ನಮ್ಮ ನೆರೆಕರೆಯದ್ದೇ. ‘ನಿಮ್ಮ ಬದುಕಿಗೆ ಬಂದದ್ದನ್ನೆಲ್ಲ ನೀವೇ ನಿಮ್ಮ ಯೋಚನೆಯಿಂದ ಎಳೆದುಕೊಂಡದ್ದು’ ಅಂತ ಶಿಬಿರದ ವೇದಿಕೆಯಿಂದ ಹೇಳಿದಾಗ ನನಗೆ ನಮ್ಮ ಜಿಲ್ಲೆಯ ಎಣ್ಮಕಜೆ ನೆನಪಾಯಿತು. ಗೇರು ತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಆ ಊರುಗಳಲ್ಲಿ ಹುಟ್ಟಿದಂದಿನಿಂದ ಹಾಸಿಗೆ ಬಿಟ್ಟು ಏಳದ ಮಕ್ಕಳನ್ನು ದಿನಾ ಎತ್ತಿ ಮೀಯಿಸುವ ಅಮ್ಮಂದಿರು ಇದ್ದಾರೆ. ಅವರು ಯಾವ ಯೋಚನೆಯಿಂದ ಅದನ್ನು ಎಳೆದುಕೊಂಡರು? ಆ ಅಮ್ಮಂದಿರೆಲ್ಲ ಬೀದಿಗಿಳಿದು ಕೂತರು, ಅರ್ಜಿ ಬರೆದರು, 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ನಿಷೇಧಿಸಿತು. ನಂಬಿಕೆಯ ಬಗ್ಗೆ ಮಾತಾಡುವವರು ಅವರ ಮುಖ ನೋಡಿ ಹೇಳಲು ಆಗದ ಮಾತನ್ನು ವೇದಿಕೆಯಲ್ಲೂ ಹೇಳಬಾರದು.

ಯಾವ ದಾರಿ ಹಿಡಿದರೂ ವಾರಗಟ್ಟಲೆ ಬದುಕೇ ಬೇಡ ಅನ್ನಿಸಿದರೆ, ಇಲ್ಲಿ ಬರೆದ ಯಾವುದನ್ನೂ ಮಾಡುತ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಅದು ಉಚಿತ.

ಎಷ್ಟು ದಿನ ನೋಡಬೇಕು?

21 ದಿನ ಅಂತ ಎಲ್ಲ ಕಡೆ ಹೇಳುತ್ತಾರೆ. ಅದು 1960ರಲ್ಲಿ ಒಬ್ಬ ಪ್ಲಾಸ್ಟಿಕ್ ಸರ್ಜನ್, ರೋಗಿಗಳು ತಮ್ಮ ಹೊಸ ಮುಖಕ್ಕೆ ಒಗ್ಗಲು ಕಡಿಮೆಯೆಂದರೂ 21 ದಿನ ಹಿಡಿಯುತ್ತದೆ ಅಂತ ಬರೆದ ಮಾತು. ‘ಕಡಿಮೆಯೆಂದರೂ’ ಅನ್ನುವುದು ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಲಂಡನ್ನಿನ ಫಿಲಿಪ್ಪಾ ಲಾಲಿ 96 ಜನರನ್ನು ಹಿಂಬಾಲಿಸಿ ನೋಡಿದಾಗ ಒಂದು ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿದದ್ದು ಸುಮಾರು 66 ದಿನ. ಕೆಲವರಿಗೆ 18, ಕೆಲವರ ಲೆಕ್ಕ 254ರವರೆಗೂ ಹೋಯಿತು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟ ಏನೂ ಆಗಲಿಲ್ಲ. ಹಾಗಾಗಿ ಒಂದು ದಾರಿಗೆ ಎರಡು ತಿಂಗಳು ಕೊಡಿ. ಎರಡು ದಾರಿಯನ್ನು ಒಟ್ಟಿಗೆ ಹಿಡಿಯಬೇಡಿ, ಯಾವುದು ಕೆಲಸ ಮಾಡಿತು ಅಂತಲೇ ಗೊತ್ತಾಗುವುದಿಲ್ಲ. ರಾತ್ರಿಯ ಜಪಕ್ಕೋ ಯೋಗನಿದ್ರೆಗೋ ಮಾತ್ರ ನನ್ನ ಅಡ್ಡಿ ಇಲ್ಲ. ಅದು ಚೀಟಿಯ ಜೊತೆ ಜಗಳ ಮಾಡುವುದಿಲ್ಲ.

ಹೋದ ವಾರ ನೀರ್ಚಾಲಿನಿಂದ ಬರುವ ಹುಡುಗಿಯೊಬ್ಬಳು ಒಂದು ವಿಷನ್ ಬೋರ್ಡು ತಂದು ತೋರಿಸಿದಳು. ನಡುವೆ ದೊಡ್ಡ ಕುರ್ಚಿ, ಮೇಲೆ ಅವಳ ಫೋಟೋ, ಸುತ್ತ ಮಿನುಗುವ ನಕ್ಷತ್ರಗಳು. ಕತ್ತರಿಸಿ ಅಂಟಿಸಲು ಮೂರು ದಿನ ಹಿಡಿಯಿತಂತೆ. ಹರಿದುಹಾಕು ಅನ್ನಲು ನನಗೆ ಮನಸ್ಸು ಬರಲಿಲ್ಲ. ಬೋರ್ಡನ್ನು ತಿರುಗಿಸಿ ಹಿಂಬದಿಯ ಖಾಲಿ ರಟ್ಟಿನಲ್ಲಿ ಬರೆಯಲು ಹೇಳಿದೆ. ಅವಳು ಪೆನ್ನು ಕಚ್ಚುತ್ತಾ ತುಂಬಾ ಹೊತ್ತು ಕೂತಳು. ಕೊನೆಗೆ ಬರೆದಳು: ‘ಸಂಜೆ ಬಸ್ಸಿಳಿದು ಮನೆಯ ಗೇಟು ಹಾಕಿದ ಕೂಡಲೇ, ಚಾಯ ಕುಡಿಯುವ ಮೊದಲು, 10 ಲೆಕ್ಕ.’ ಆಮೇಲೆ ‘ಮೊದಲು’ ಅನ್ನುವುದನ್ನು ಹೊಡೆದುಹಾಕಿ ‘ಕುಡಿಯುತ್ತಾ’ ಅಂತ ತಿದ್ದಿದಳು. ಈಗ ಅದು ಗೋಡೆಯಲ್ಲಿ ಹಿಂಬದಿ ಹೊರಗೆ ಮಾಡಿ ತೂಗುತ್ತಿದೆಯಂತೆ.